ಸಲ್ಬಿಯಾ ತಾಯಿಯ ಚಾಪೆಯಲ್ಲಿ ಕೂತ ದಿನ

ನಮ್ಮ ತಪಾಕ್‌ತುವಾನ್ ಕಡೆ ಮದುಮಗಳ ತಾಯಿಯನ್ನು ಅಳಿಸುವ ಕೆಲಸ ನಲವತ್ತು ವರ್ಷದಿಂದ ಸಲ್ಬಿಯಾಳದು. ಹಗಲೆಲ್ಲ ಜಾಯಿಕಾಯಿ ಸುಲಿದು ಅವಳ ಬೆರಳುಗಳಿಗೆ ಕಲೆ ಹಿಡಿದಿತ್ತು. ಮದುವೆ ಮನೆಯಿಂದ ಕರೆ ಬಂದರೆ ಅದೇ ಕೈ ತೊಳೆದುಕೊಂಡು ಹೊರಡುತ್ತಿದ್ದಳು. ಮದುಮಗಳನ್ನೂ ತಾಯಿಯನ್ನೂ ನಡುವೆ ಚಾಪೆಯಲ್ಲಿ ಕೂರಿಸಿ ನಾವು ಎಂಟು ಹೆಂಗಸರು ಸುತ್ತ ಫೊ ಎಂಬ ಕುಣಿತ ಕುಣಿಯುತ್ತೇವೆ. ಅವಳು ಹಾಡುತ್ತಿದ್ದಳು, ಉಳಿದವರು ಚಪ್ಪಾಳೆ ತಟ್ಟಿ ಅದನ್ನೇ ತಿರುಗಿ ಹೇಳುತ್ತಿದ್ದೆವು. ಅಜ್ಜಿಯರ ಕಾಲದಲ್ಲಿ ಇದು ಸಾವಿನ ಮನೆಯ ಕುಣಿತವೂ ಆಗಿತ್ತಂತೆ. ಈಗ ಮದುವೆಗಷ್ಟೇ, ಅಳು ಮಾತ್ರ ಹಾಗೇ ಉಳಿದಿದೆ.

ತನ್ನ ಮೂವರು ಹೆಣ್ಣುಮಕ್ಕಳಲ್ಲಿ ಮೊದಲಿಬ್ಬರ ಮದುವೆಯಲ್ಲೂ ಅವಳೇ ಹಾಡಿದಳು. ಬೇರೆ ಯಾರಿಗೂ ಬರುತ್ತಿರಲಿಲ್ಲ. ಹಾಡುವವಳು ಅತ್ತರೆ ಕುಣಿತ ಕೆಡುತ್ತದೆಂದು ಅಳು ನುಂಗಿಕೊಂಡಳು. ಕರುಳೇ ಇಲ್ಲದವಳು ಎಂದು ಊರು ಆಡಿಕೊಂಡಿತು. ನನಗೆ ಇವತ್ತಿಗೂ ಆ ಸಿಟ್ಟು ಇಳಿದಿಲ್ಲ.

ಕೊನೆಯ ಮಗಳು ಇದಾವತಿಯ ಮದುವೆ ಗೊತ್ತಾದಾಗ ಸಲ್ಬಿಯಾ ನಮ್ಮ ಮನೆಗೆ ಬಂದು ಗೋಡೆಗೆ ಒರಗಿ ಕೂತಳು.

"ಮಾನೆ, ಈ ಸಲ ನೀನು ಹಾಡು," ಎಂದಳು ನನಗೆ.

"ನನ್ನ ಗಂಟಲು ಕೇಳಿದ್ರೆ ಕೋಳಿನೂ ಓಡಿಹೋಗುತ್ತೆ, ಅಕ್ಕ."

"ಓಡಿಹೋಗ್ಲಿ ಬಿಡು. ಸಾಕಾಗಿದೆ ಕಣೇ. ಒಂದೇ ಒಂದು ಸಲ ಬರೀ ತಾಯಾಗಿ ಕೂತ್ಕೋತೀನಿ. ನೀನು ಹೆಂಗೇ ಹಾಡು, ನಾನಂತೂ ಬಾಯಿ ಹಾಕಲ್ಲ."

ಮೂರು ವಾರ ಕಲಿತೆ. ಮೊಣಕಾಲು ನೋವು, ಮರೆವು, ಮೇಲೆ ಅವಳ ಬೈಗುಳ. ಬೇಸತ್ತು ಹೋದೆ.

ಮದುವೆಯ ದಿನ ಹಿತ್ತಲಲ್ಲಿ ಗಂಡಸರು ಮೇಕೆ ಸಾರಿನ ಹಂಡೆ ಕಲಕುತ್ತಿದ್ದರು. ಒಳಗೆ ಇದಾವತಿ ಗೋರಂಟಿ ಹಚ್ಚಿದ ಕೈಗಳನ್ನು ತಾಯಿಯ ಮೊಣಕಾಲ ಮೇಲಿಟ್ಟು ಬಾಗಿದಳು. ಕುಡಿದ ಎದೆಹಾಲಿಗೆ ಮಗಳು ತಾಯಿಯ ಕ್ಷಮೆ ಕೇಳುವ ಸಾಲು ಈಗ ಬರಬೇಕು. ನನಗೆ ಮರೆತೇಹೋಯಿತು. ಚಪ್ಪಾಳೆ ನಿಂತಿತು. ಹೆಂಗಸರೆಲ್ಲ ಸಲ್ಬಿಯಾಳ ಕಡೆ ನೋಡಿದರು. ಅವಳ ತುಟಿ ತೆರೆಯಿತು. ಆ ಸಾಲು ಅವಳ ನಾಲಿಗೆಯ ಮೇಲೇ ಇತ್ತು, ಅವಳು ಹಾಡಿದ್ದರೆ ನನ್ನ ಮಾನವೂ ಉಳಿಯುತ್ತಿತ್ತು.

ಅವಳು ಕಲೆ ಹಿಡಿದ ಬೆರಳುಗಳನ್ನು ಬಾಯಿಗೆ ಅಡ್ಡ ಹಿಡಿದಳು. ಆಮೇಲೆ ಮಗಳ ತಲೆಗೆ ಮುಖವೊತ್ತಿ ಅತ್ತಳು, ಹಿಂದಿನ ಎರಡು ಮದುವೆಯದನ್ನೂ ಸೇರಿಸಿ. ನಾವು ಹಾಡಿಲ್ಲದೆ ಹೆಜ್ಜೆ ಎಳೆಯುತ್ತ ಅವರ ಸುತ್ತ ತಿರುಗಿದೆವು.

ಮನೆಗೆ ಹೋಗಿ ಕಾಲು ಚಾಚಿದಾಗ ನನಗೆ ಆ ಸಾಲು ನೆನಪಾಯಿತು. ಅದು ಯಾರಿಗೂ ಬೇಕಾಗಿರಲಿಲ್ಲ.