ವಾರ್ತೆಯಲ್ಲಿ ಬಂದ ಊರು

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ರೇಡಿಯೋ ಇರಲಿಲ್ಲ. ಮನೆ ಎಂದರೆ ಸುಳ್ಯದಾಚೆ, ರಬ್ಬರ್ ತೋಟದ ಅಂಚಿನಲ್ಲಿ ಸಾಲಾಗಿ ಕಟ್ಟಿದ್ದ ಲೈನ್ ಮನೆಗಳಲ್ಲಿ ಒಂದು ಕೋಣೆ. ಊರವರು ನಮ್ಮನ್ನು ‘ಸಿಲೋನಿನವರು’ ಎನ್ನುತ್ತಿದ್ದರು. ಸಿಲೋನ್ ಎಂದರೆ ನೀವು ಈಗ ಶ್ರೀಲಂಕಾ ಎನ್ನುತ್ತೀರಲ್ಲ, ಅದೇ. ಅಲ್ಲಿಂದ ಬಂದು ಕೆಲವು ವರ್ಷಗಳಾಗಿದ್ದವು. ನಾನು ಶಾಲೆಗೆ ಹೋಗಿ ಕನ್ನಡ ಕಲಿತಿದ್ದೆ. ಅಪ್ಪನಿಗೆ ತಮಿಳು ಬಿಟ್ಟರೆ ಹಡಗುಕಟ್ಟೆಯಲ್ಲಿ ಕಿವಿಗೆ ಬಿದ್ದ ನಾಲ್ಕು ಇಂಗ್ಲಿಷ್ ಮಾತು ಮಾತ್ರ ಬರುತ್ತಿತ್ತು.

ಹಡಗುಕಟ್ಟೆ ಎಂದೆ. ನಾವು ಬಿಟ್ಟುಬಂದ ಊರು ತಿರುಕೋಣಮಲೆ ಎಂಬ ಬಂದರು. ಕಡಲು ಅಲ್ಲಿ ಗುಡ್ಡಗಳ ನಡುವೆ ಒಳಗೆ ಬಂದು ಆಳವಾಗಿ ನಿಂತಿತ್ತು. ಎಷ್ಟು ದೊಡ್ಡ ಹಡಗು ಬಂದರೂ ತಳ ತಾಗುತ್ತಿರಲಿಲ್ಲವಂತೆ. ಅದಕ್ಕೇ ಬ್ರಿಟಿಷರು ತಮ್ಮ ಯುದ್ಧದ ಹಡಗುಗಳನ್ನು ಅಲ್ಲಿ ತಂದು ನಿಲ್ಲಿಸಿದರು. ಹಡಗುಗಳ ಹಿಂದೆ ಪೇಟೆ ಬೆಳೆಯಿತು. ನಾವಿಕರ ಬಿಳಿ ಬಟ್ಟೆ ಒಗೆಯುವವರ ಬೀದಿ, ಅವರಿಗೆ ಬ್ರೆಡ್ಡು ಸುಡುವವರ ಬೀದಿ, ಕಾಡಿನೊಳಗೆ ಅವರ ಎಣ್ಣೆ ತುಂಬಿಡಲು ಮನೆಗಿಂತ ದೊಡ್ಡ ಟ್ಯಾಂಕುಗಳು. ಕೂಲಿಗೆ ಜನ ಸಾಲದೆ ತಮಿಳುನಾಡಿನ ಕಡೆಯಿಂದಲೂ ಕರೆಸಿದರು. ಹಾಗೆ ಹೋದವರು ನನ್ನ ಅಜ್ಜ. ಅಪ್ಪ ಅಲ್ಲೇ ಹುಟ್ಟಿ, ಹಡಗಿನ ಹೊಟ್ಟೆಗೆ ಅಂಟಿದ ಚಿಪ್ಪು ಕೆರೆದು ಬಣ್ಣ ಬಳಿಯುತ್ತ ದೊಡ್ಡವರಾದರು. ಕೊನೆಗೊಂದು ದಿನ ಬ್ರಿಟಿಷರು ಬಾವುಟ ಇಳಿಸಿ ಹೊರಟುಹೋದರು. ಬೀದಿಗಳು ಉಳಿದವು, ಕೆಲಸ ಉಳಿಯಲಿಲ್ಲ. ಆಮೇಲೆ ಅಲ್ಲಿನ ಸರಕಾರದವರು, ನೀವು ಈ ದೇಶದವರಲ್ಲ, ಇಂಡಿಯಾದವರು, ಹೋಗಿ ಎಂದರು. ಇಂಡಿಯಾವನ್ನು ಅಪ್ಪ ಕಣ್ಣಿಂದ ಕಂಡವರೇ ಅಲ್ಲ! ಈಗ ನೆನೆದರೂ ನನಗೆ ಮೈ ಉರಿಯುತ್ತದೆ.

ಅಕ್ಕನಿಗೆ ಹದಿನೆಂಟು ದಾಟಿತ್ತು. ಇಂಡಿಯಾದ ಪೌರತ್ವಕ್ಕೆ ಅವಳ ಅರ್ಜಿ ಬೇರೆ, ನಿಮ್ಮದು ಬೇರೆ, ಅವಳು ಆಮೇಲೆ ಬರಲಿ ಎಂದರು ಕಚೇರಿಯವರು. ಅವಳನ್ನು ನಮ್ಮ ಸೋದರತ್ತೆಯ ಮನೆಯಲ್ಲಿ ಬಿಟ್ಟು ಬಂದೆವು. ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು. ಹೊರಡುವಾಗ ಅವಳ ಸೆರಗು ಬಿಡದೆ ನಾನು ಅತ್ತಿದ್ದೆ. ಬೇಗ ಬರುತ್ತೇನೆ ಎಂದು ನಗುತ್ತಲೇ ನನ್ನ ಕೈ ಬಿಡಿಸಿದಳು.

ನಾನು ಹೇಳಹೊರಟದ್ದು ಒಂದು ಮಳೆಗಾಲದ ದಿನದ ಮಾತು. ಸಿಲೋನಿನಲ್ಲಿ ಗಲಭೆಯೆದ್ದಿದೆ, ತಮಿಳರ ಮನೆಗಳಿಗೆ ಬೆಂಕಿ ಹಚ್ಚುತ್ತಿದ್ದಾರೆ ಎಂದು ಹಿಂದಿನ ಸಂಜೆ ಲೈನ್ ಮನೆಗಳಲ್ಲೆಲ್ಲ ಸುದ್ದಿ ಹಬ್ಬಿತ್ತು. ಅಮ್ಮ ಒಲೆ ಹಚ್ಚಲಿಲ್ಲ. ಬೆಳಗಾಗುತ್ತಲೇ ಅಪ್ಪ ನನ್ನ ಕೈ ಹಿಡಿದು ಕಲ್ಲುಗುಂಡಿಯ ಹೋಟೆಲಿಗೆ ಹೊರಟರು. ಅಲ್ಲಿ ರೇಡಿಯೋ ಇತ್ತು. ಅದರ ಕನ್ನಡವನ್ನು ಅಪ್ಪನಿಗೆ ತಿಳಿಸಿ ಹೇಳಬೇಕಾದವನು ನಾನು.

ಹೋಟೆಲಿನಲ್ಲಿ ಒದ್ದೆ ಕೊಡೆಗಳ ವಾಸನೆ, ಗೋಳಿಬಜೆ ಕರಿಯುವ ಎಣ್ಣೆಯ ವಾಸನೆ. ಗಲ್ಲಾದಲ್ಲಿ ಕೂತಿದ್ದ ಹೋಟೆಲಿನ ಅಜ್ಜ ನಮ್ಮನ್ನು ಕಂಡವರೇ ಎದ್ದರು.

“ಬನ್ನಿ ಮಾರಾಯ್ರೆ, ಕೂತ್ಕೊಳ್ಳಿ. ವಾರ್ತೆ ಈಗ ಶುರು ಆಗ್ತದೆ,” ಎಂದು ರೇಡಿಯೋದ ಕಿವಿ ತಿರುಗಿಸಿದರು.

ಗರಗರ ಸದ್ದಿನ ನಡುವೆ ವಾರ್ತೆ ಬಂತು. ಅಪ್ಪನ ಬೆರಳುಗಳು ನನ್ನ ಭುಜವನ್ನು ಒತ್ತುತ್ತಲೇ ಇದ್ದವು. ಟ್ರಿಂಕೋಮಲಿ ಎಂಬ ಊರಿನಲ್ಲಿ ನೌಕಾನೆಲೆಯ ಸಮೀಪದ ಮನೆಗಳು ಸುಟ್ಟುಹೋಗಿವೆ ಎಂದಿತು. ನನಗೆ ಹೋದ ಜೀವ ಬಂದಂತಾಯಿತು. “ಅಪ್ಪಾ, ಅದು ಬೇರೆ ಊರು! ನಮ್ಮ ತಿರುಕೋಣಮಲೆ ಅಲ್ಲ!” ಎಂದು ಕುಣಿದುಬಿಟ್ಟೆ.

ಅಪ್ಪ ನಗಲಿಲ್ಲ. “ಅದೇ ಕಣೋ ನಮ್ಮೂರು. ಬಿಳಿಯರ ಬಾಯಲ್ಲಿ ಅದು ಟ್ರಿಂಕೋಮಲಿ,” ಎಂದರು ತಮಿಳಿನಲ್ಲಿ. “ಎನ್ನಡಾ ಸೊಲ್ರಾನ್? ಏನು ಹೇಳ್ತಾನೆ ಅವನು?”

ಮನೆ ಸುಟ್ಟದ್ದು ನನಗೆ ಅರ್ಥವಾಗಿತ್ತು. ಯಾವ ಮನೆ? ನೌಕಾನೆಲೆ ಎಂಬ ಮಾತು ನನ್ನ ಶಾಲೆಯ ಪುಸ್ತಕದಲ್ಲಿ ಬಂದಿರಲಿಲ್ಲ. ಹೋಟೆಲಿನ ಅಜ್ಜನನ್ನು ಕೇಳಿದೆ.

“ನೌಕಾನೆಲೆ ಅಂದ್ರೆ... ಮಿಲಿಟ್ರಿಯವರ ಹಡಗು ನಿಲ್ಲುವ ಜಾಗ ಮಗಾ,” ಎಂದವರು ಅಪ್ಪನ ಮುಖ ನೋಡಿ, “ಎಂತ, ನಿಮ್ಮವರು ಅಲ್ಲಿಯೇ ಉಂಟಾ?” ಎಂದರು.

ಅತ್ತೆಯ ಮನೆ ಹಡಗುಕಟ್ಟೆಯ ಗೋಡೆಗೆ ತಾಗಿಕೊಂಡೇ ಇತ್ತು. ನಾನು ಅಪ್ಪನಿಗೆ ಹೇಳಿದೆ. ಹೇಳದೆ ಏನು ಮಾಡಲಿ? ಅಷ್ಟರಲ್ಲಿ ವಾರ್ತೆ ಮುಂದೆ ಹೋಗಿ ಎಲ್ಲಿಯದೋ ಅಣೆಕಟ್ಟಿನ ಮಾತಾಡುತ್ತಿತ್ತು. ಅಪ್ಪ ಎದ್ದು ರೇಡಿಯೋದ ಮುಂದೆ ಹೋಗಿ ಕೈ ಮುಗಿದು ನಿಂತರು. “ಸಾರ್, ಒನ್ಸ್ ಮೋರ್ ಸಾರ್. ಪ್ಲೀಸ್ ಸಾರ್,” ಎಂದರು. ಬಸ್ಸಿಗೆ ಕಾದಿದ್ದ ಯಾರೋ ಕಿಸಕ್ಕನೆ ನಕ್ಕರು.

“ನಗುದೆಂತ ಮಾರಾಯ? ಬಾಯಿ ಮುಚ್ಚು!” ಎಂದು ಹೋಟೆಲಿನ ಅಜ್ಜ ಗದರಿದರು. ಮತ್ತೆ ಅವರೇ ರೇಡಿಯೋದ ಮುಳ್ಳನ್ನು ಆಚೆ ಈಚೆ ಸರಿಸುತ್ತ ಸಿಲೋನಿನ ಸ್ಟೇಷನ್ ಹುಡುಕಿದರು. ಸಿಕ್ಕಿತು. ಅದರಲ್ಲಿ ಸಿನಿಮಾ ಹಾಡು ಬರುತ್ತಿತ್ತು. ಅಪ್ಪ ಆ ಹಾಡನ್ನೂ ಕೊನೆಯವರೆಗೆ ನಿಂತು ಕೇಳಿದರು, ನಡುವೆ ಯಾರಾದರೂ ಏನಾದರೂ ಹೇಳಿಯಾರು ಎಂದು. ಯಾರೂ ಹೇಳಲಿಲ್ಲ.

ನಾವು ಮನೆಗೆ ಮರಳಿದಾಗ ಅಮ್ಮ ಮಳೆಯಲ್ಲೇ ಅಂಗಳದಲ್ಲಿ ನಿಂತಿದ್ದಳು. “ಹೆಸರು ಹೇಳಲಿಲ್ಲ. ಹೆಸರು ಹೇಳಲಿಲ್ಲವೆಂದರೆ ಅವಳಿದ್ದಾಳೆ,” ಎಂದರು ಅಪ್ಪ.

“ನಮ್ಮಂಥವರ ಹೆಸರನ್ನು ರೇಡಿಯೋದಲ್ಲಿ ಯಾರು ಹೇಳುತ್ತಾರೆ?” ಎಂದು ಅಮ್ಮ ಅಲ್ಲೇ ಕೆಸರಿನಲ್ಲಿ ಕುಸಿದು ಕೂತಳು. ಅವಳನ್ನು ಎಬ್ಬಿಸಲು ನಮ್ಮಿಬ್ಬರಿಂದಲೂ ಆಗಲಿಲ್ಲ. ಆ ದಿನ ನಾನು ಅತ್ತದ್ದು ಅಕ್ಕನಿಗಾಗಿಯೋ ಅಮ್ಮನಿಗಾಗಿಯೋ ಗೊತ್ತಿಲ್ಲ.

ಆಮೇಲೆ ಅಕ್ಕ ಏನಾದಳು ಎಂದು ಕೇಳುತ್ತೀರಿ. ಗೊತ್ತಿಲ್ಲ ಮಕ್ಕಳೇ. ಅಪ್ಪ ಕೇಳದ ಕಚೇರಿ ಇಲ್ಲ, ಅಲ್ಲಿಂದ ಬಂದವರಲ್ಲಿ ವಿಚಾರಿಸದವರಿಲ್ಲ. ಸತ್ತಳೆಂದು ಯಾರೂ ಹೇಳಲಿಲ್ಲ, ಇದ್ದಾಳೆಂದೂ ಹೇಳಲಿಲ್ಲ. ಅಪ್ಪ ಅಮ್ಮ ಇಬ್ಬರೂ ತಿಳಿಯದೆಯೇ ಹೋದರು.

ನಿಮ್ಮ ಅಕ್ಕ ಇರುವುದು ಮಂಗಳೂರಿನ ಹಾಸ್ಟೆಲಿನಲ್ಲಿ. ಸಂಜೆಯಾದರೆ ಅವಳ ಮುಖ ಫೋನಿನಲ್ಲಿ ಬರುತ್ತದೆ. ಊಟಕ್ಕೆ ಏನಿತ್ತು, ಯಾರು ಬೈದರು, ಎಲ್ಲ ಹೇಳುತ್ತಾಳೆ. ಮೊನ್ನೆ ನೀವು ಅವಳೊಡನೆ ಜಗಳವಾಡಿ, ಅವಳು ಮತ್ತೆ ಮತ್ತೆ ಫೋನ್ ಮಾಡಿದರೂ ಎತ್ತದೆ ಕೂತಿರಿ. ನಿಮ್ಮ ಅಜ್ಜ ನಾನು ಯಾವತ್ತೂ ಇಲ್ಲದ ಹಾಗೆ ಕಿರುಚಿದ್ದು ಯಾಕೆಂದು ನಿಮಗೆ ತಿಳಿಯಲಿಲ್ಲ. ಎತ್ತಿ ಮಕ್ಕಳೇ. ಎಷ್ಟೇ ಸಿಟ್ಟಿರಲಿ, ನಿಮ್ಮ ಅಕ್ಕ ಕರೆದರೆ ಎತ್ತಿ.