ಬಾಗಿಲು ಮುಚ್ಚಿ ಕೇಳಿದ ಮಾತು

ನನ್ನ ಬಳಿ ಒಂದು ಹಸಿರು ವಾಯಿಲ್ ಸೀರೆಯಿತ್ತು. ಒಗೆದೊಗೆದು ಬಣ್ಣ ಮಾಸಿದ, ಅಂಚಿನಲ್ಲಿ ಎಳೆ ಬಿಟ್ಟ, ಉಡಲೂ ಬಾರದ, ಬಿಸಾಡಲೂ ಮನಸ್ಸಾಗದ ಸೀರೆ. ಅಂಥದೊಂದು ನಿಮ್ಮ ಮನೆಯ ಟ್ರಂಕಿನಲ್ಲೂ ಇದ್ದೀತು. ಅದು ಕಡೆಗೆ ನಮ್ಮೂರ ಸರಕಾರಿ ಆಸ್ಪತ್ರೆಯಲ್ಲಿ ಡಾಕ್ಟರ ಕೋಣೆಯ ಪರದೆಯಾಯಿತು. ಅದನ್ನು ಎರಡಾಗಿ ಸೀಳಿ ಹೊಲಿದವಳು ನಾನೇ.

ಅದಕ್ಕೂ ಮುಂಚೆ ಆ ಕೋಣೆ ಹೇಗಿತ್ತೆಂದರೆ, ಡಾಕ್ಟರ ಮೇಜಿನ ಸುತ್ತ ಜನ ಚಹಾದಂಗಡಿಯ ಮುಂದೆ ನಿಂತಂತೆ ನಿಂತಿರುತ್ತಿದ್ದರು. ಒಬ್ಬರ ನಾಡಿ ಡಾಕ್ಟರ ಕೈಯಲ್ಲಿ, ಇನ್ನೊಬ್ಬರ ನಾಲಗೆ ಅವರ ಕಣ್ಣೆದುರಿಗೆ, ಮೂರನೆಯವರ ಮಾತು ಕಿವಿಯಲ್ಲಿ. ಕೆಮ್ಮು, ಜ್ವರ, ಮೊಣಕಾಲು ನೋವುಗಳಿಗೆ ಅಲ್ಲಿ ಬಾಯಿ ಬರುತ್ತಿತ್ತು. ನಾಲ್ಕು ಜನರೆದುರು ಹೇಳಲಾಗದ ಕಾಯಿಲೆಗಳು ಬಂದ ದಾರಿಯಲ್ಲೇ ಮನೆಗೆ ಮರಳುತ್ತಿದ್ದವು. ಇಂಥವೂ ಇವೆಯೆಂದು ನಮಗಾರಿಗೂ ತೋಚಿರಲಿಲ್ಲ. ಹರಪನಹಳ್ಳಿಯಿಂದ ಚಿಗಟೇರಿ ಕಡೆಗೆ ಹೋಗುವಾಗ ಒಳಗೆ ತಿರುಗಿದರೆ ಸಿಗುವ ಊರು ನಮ್ಮದು, ಇಲ್ಲಿಗೆ ಡಾಕ್ಟರು ಬಂದರೆ ಅದೇ ದೊಡ್ಡದೆಂದುಕೊಂಡವರು ನಾವು.

ತೋಚಿದ್ದು ಡಾಕ್ಟರ್ ಶಾಹೀನಾಗೆ. ಹರಪನಹಳ್ಳಿಯಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುವವರ ಮಗಳು. ಗುತ್ತಿಗೆಯ ಮೇಲೆ ನಮ್ಮಲ್ಲಿಗೆ ಬಂದಿದ್ದರು. ಬಂದ ಹೊಸದರಲ್ಲಿ, ಬಿಡುವಾದಾಗಲೆಲ್ಲ ಹೊರಗಿನ ಬೆಂಚಿನ ಮೇಲೆ ಹೆಂಗಸರ ನಡುವೆ ಕೂತು, ಇಲ್ಲಿ ಏನು ಸರಿಯಿಲ್ಲ ಎಂದು ಕೇಳುತ್ತಿದ್ದರು. ಎಲ್ಲ ಸರಿಯಾಗಿದೆ ಎಂದೇ ಎಲ್ಲರ ಉತ್ತರ. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದ ನನ್ನನ್ನು ಆಸ್ಪತ್ರೆಯ ಸಮಿತಿಗೆ ಹಾಕಿಕೊಂಡಿದ್ದರು. ಆಕೆ ನನ್ನ ಹತ್ತಿರ ಬಂದು, "ಎಲ್ಲಾ ಚಲೋ ಐತಿ ಅಂತಾರ ಟೀಚರ್ರೇ. ಅಷ್ಟು ಚಲೋ ಇದ್ರ ಒಳಗ ಬಂದಾಗ ಯಾಕ ಬಾಯಿ ಬಿಡವಲ್ರು?" ಎಂದು ಕೇಳಿದರು.

ಆಮೇಲೆ ಕೋಣೆಗೆ ಬಾಗಿಲು ಬಂತು, ರೋಗಿ ಕೂರಲು ಖುರ್ಚಿ ಬಂತು, ಪರೀಕ್ಷೆಯ ಮಂಚಕ್ಕೆ ಪರದೆಯಾಗಿ ನನ್ನ ಸೀರೆ ಬಂತು. ಒಳಗೆ ಒಮ್ಮೆಗೆ ಒಬ್ಬರೇ. ಸಾಲು ನಿಧಾನವಾಯಿತು, ಕಾಯುವವರು ಗೊಣಗಿದರು, ವ್ಯಾಪಾರಸ್ಥರೊಬ್ಬರು ಮೇಲಿನವರಿಗೆ ದೂರು ಕೊಟ್ಟರು. ಶಾಹೀನಾ ಎದೆಗುಂದಲಿಲ್ಲ. ಬಿಪಿ, ಸಕ್ಕರೆ ಕಾಯಿಲೆಯವರಿಗೆ ಮಧ್ಯಾಹ್ನ ಬರಹೇಳಿದರು, ಬರದೆ ಉಳಿದವರನ್ನು ಆಶಾ ಕಾರ್ಯಕರ್ತೆಯರಿಂದ ವಿಚಾರಿಸಿದರು. ಬೆಳಗಿನ ಸಾಲು ಮೆಲ್ಲಗೆ ಕರಗಿತು.

ನಮ್ಮ ಗೋಡೆಗೆ ಗೋಡೆ ಹೊಂದಿದ ಮನೆ ಹಾಲಮ್ಮನದು. ಮೆಕ್ಕೆಜೋಳದ ರಾಶಿ ಹಸನು ಮಾಡುವ ಕೂಲಿಗೆ ಹೋಗುವವಳು, ಎರಡು ಮನೆಯಾಚೆಗೆ ಕೇಳುವಂತೆ ನಗುವವಳು. ಆಗೀಗ ಆಸ್ಪತ್ರೆಗೆ ಹೋಗಿ, ಸೊಂಟ ನೋವೆಂದು ಹೇಳಿ ಗುಳಿಗೆ ತರುತ್ತಿದ್ದಳು. ಒಂದು ಬೆಳಗ್ಗೆ ಒಳಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದಮೇಲೆ, ಹೊರಗಿನ ಬೆಂಚಿನಲ್ಲಿದ್ದ ನನ್ನ ಕೈ ಹಿಡಿದುಕೊಂಡು ಬೇವಿನ ಮರದ ಕೆಳಗೆ ನಿಂತಳು. ಮುಟ್ಟು ನಿಂತು ಎಷ್ಟೋ ಕಾಲದ ಮೇಲೆ ಮತ್ತೆ ರಕ್ತ ಹೋಗುತ್ತಿದೆಯಂತೆ, ವರ್ಷದ ಮೇಲಾಯಿತಂತೆ.

"ಹೇಳಬೇಕಂತ ಎಷ್ಟ್ ಸಲ ಬಂದೀನಕ್ಕ. ಸುತ್ತ ನಮ್ಮೂರ ಗಂಡಸರ ನಿಂತಿರ್ತಿದ್ರು. ಇವತ್ತು ಬಾಗಲಾ ಹಾಕಿ, ಕುಂದ್ರಿಸಿ ಕೇಳಿದ್ರು. ಹೇಳಿಬಿಟ್ಟೆ," ಎಂದಳು. ಹೇಳಿದ್ದೇ ಅರ್ಧ ವಾಸಿಯಾದಂತೆ ಅವಳ ಮುಖ ಹಗುರಾಗಿತ್ತು.

ದಾವಣಗೆರೆಯ ದೊಡ್ಡಾಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಗರ್ಭಕೋಶದ ಬಾಯಿಯ ಕ್ಯಾನ್ಸರು. ಕೊಯ್ದು ತೆಗೆಯುವ ಹಂತ ದಾಟಿತ್ತು. ಊರಿಗೆ ಬಂದು ಶಾಹೀನಾಗೆ ತಿಳಿಸಿದೆ. ತಾನು ಬಾಗಿಲು ಹಾಕಿಸಿದ್ದು ಒಂದು ವರ್ಷ ತಡವಾಯಿತು ಎಂದಷ್ಟೇ ಅಂದರು. ಹಿಂದಿನ ವರ್ಷ ಆಕೆ ನಮ್ಮೂರಿನಲ್ಲಿ ಇರಲೇ ಇಲ್ಲ ಎಂದು ನಾನು ಸಮಾಧಾನ ಹೇಳಿದೆ. ಕಾಯಿಲೆ ಇತ್ತಲ್ಲ ಎಂದರು.

ಅದೇ ಮಳೆಗಾಲದಲ್ಲಿ ಅವರ ಗುತ್ತಿಗೆ ಮುಗಿಯಿತು, ಮುಂದುವರಿಯಲಿಲ್ಲ. ಸಮಿತಿ ಬರೆದ ಮನವಿಗೆ ಉತ್ತರ ಬರಲಿಲ್ಲ. ಅವರು ಕೂಡ್ಲಿಗಿ ಕಡೆಗೆಲ್ಲೋ ಹೋದರು. ಹೊಸ ಡಾಕ್ಟರು ಬಂದರು. ಇನ್ನೊಂದು ಊರಿನ ಆಸ್ಪತ್ರೆಯನ್ನೂ ಅವರೇ ನೋಡಬೇಕು. ಬಾಗಿಲು ತೆರೆಯಿತು, ಮೇಜಿನ ಸುತ್ತ ಮತ್ತೆ ಜನ ನೆರೆದರು. ಅಷ್ಟರಲ್ಲಿ ಗುಣಮಟ್ಟದ ತಪಾಸಣೆಯವರು ಬಂದು ಹೋದರು. ಗೋಡೆಗೆ ಬಣ್ಣ, ಕಸಕ್ಕೆ ಬಣ್ಣಬಣ್ಣದ ಡಬ್ಬಿ, ಕೈ ತೊಳೆಯುವ ಚಿತ್ರ, ಸಲಹಾ ಪೆಟ್ಟಿಗೆ, ಎಲ್ಲವೂ ಇದ್ದವು. ಪರದೆಯೂ ಇತ್ತು, ಗಂಟು ಕಟ್ಟಿ ಪಕ್ಕಕ್ಕೆ ಸರಿಸಿದ್ದರೂ. ನಮಗೆ ಪ್ರಶಸ್ತಿಪತ್ರ ಸಿಕ್ಕಿತು, ಹಾರ ತುರಾಯಿ ಆಯಿತು. ಕನ್ನಡದಲ್ಲಿ ಗುಣವೆಂದರೆ ವಾಸಿಯಾಗುವುದೂ ಹೌದು. ಆ ಸಭೆಯಲ್ಲಿ ಕೂತು, ಗುಣಮಟ್ಟದಿಂದ ಗುಣ ಯಾವಾಗ ಎದ್ದುಹೋಯಿತೋ, ಮಟ್ಟವೊಂದೇ ಉಳಿಯಿತಲ್ಲ ಎಂದುಕೊಂಡೆ.

ತಡೆಯಲಾರದೆ, ಬಾಗಿಲು ಯಾಕೆ ಹಾಕುವುದಿಲ್ಲವೆಂದು ಹೊಸ ಡಾಕ್ಟರನ್ನು ಕೇಳಿದೆ. ಅವರು ಸಿಟ್ಟಾಗಲಿಲ್ಲ. "ಬಾಗಿಲು ಹಾಕ್ತೀನಿ ಮೇಡಂ. ಹೊರಗೆ ನಿಂತೋರನ್ನ ಯಾರು ನೋಡ್ತಾರೆ, ನೀವೇ ಹೇಳಿ," ಎಂದರು. ಅವರ ಕಣ್ಣುಗಳು ನಿದ್ದೆಯಿಲ್ಲದೆ ಕೆಂಪಾಗಿದ್ದವು. ಗೆಳೆಯರೇ, ಬಯ್ಯಲು ಒಬ್ಬ ಕೆಟ್ಟ ಮನುಷ್ಯನಾದರೂ ಸಿಕ್ಕಿದ್ದರೆ ನನ್ನ ದುಃಖಕ್ಕೊಂದು ಆಸರೆ ಇರುತ್ತಿತ್ತು.

ಹಾಲಮ್ಮ ಚಳಿಗಾಲ ಕಾಣಲಿಲ್ಲ. ಶಿವಗಣಾರಾಧನೆಗೆ ಅವಳ ತಂಗಿ ಕೊಟ್ರಮ್ಮ ಬಂದಿದ್ದಳು. ಮಾಗಳದ ಆಚೆ, ಹೊಳೆದಂಡೆಯ ಊರಿಗೆ ಕೊಟ್ಟ ಹೆಣ್ಣುಮಗಳು. ಅವಳನ್ನು ಬಿಡಲು ಹರಪನಹಳ್ಳಿ ಬಸ್‌ಸ್ಟ್ಯಾಂಡಿನವರೆಗೆ ನಾನೂ ಹೋದೆ. ಹಡಗಲಿ ಬಸ್ಸು ತಡವಾಗಿತ್ತು. ಬೆಂಚಿನ ಮೇಲೆ ಕೂತಿದ್ದಾಗ ಅವಳು ಅತ್ತಿತ್ತ ನೋಡಿ, ಸೆರಗನ್ನು ಬಾಯಿಗೆ ಅಡ್ಡ ಹಿಡಿದು, "ಅಕ್ಕಾರ, ನನಗೂ ಬ್ಯಾಸಿಗಿಯಿಂದ ಹಂಗ ಆಗಾಕತ್ತೈತ್ರಿ," ಎಂದಳು.

ಯಾರಿಗಾದರೂ ಹೇಳಿದ್ದೀಯಾ ಎಂದು ಕೇಳಿದೆ. ಇಲ್ಲವೆಂದು ತಲೆ ಅಲ್ಲಾಡಿಸಿದಳು. ಈಗಲೇ ಏಳು, ದಾವಣಗೆರೆಗೆ ಹೋಗೋಣ, ಖರ್ಚು ನನಗಿರಲಿ ಎಂದು ಕೈ ಹಿಡಿದೆ. ಮನೆಯವರೊಡನೆ ನಾನೇ ಫೋನಿನಲ್ಲಿ ಮಾತಾಡುತ್ತೇನೆಂದಾಗ ಅವಳು ಬೆದರಿ, ಬೇಡವೇ ಬೇಡ ಎಂದು ಬೇಡಿಕೊಂಡಳು.

"ಭತ್ತ ಕೊಯ್ಲಿಗೆ ಬಂದೈತ್ರಿ. ಅದೊಂದು ಮುಗೀಲಿ, ಬರ್ತೀನಿ," ಎಂದಳು.

ಹಡಗಲಿ ಬಸ್ಸು ಬಂತು. ಅವಳು ಮೆಲ್ಲಗೆ ಕೈ ಬಿಡಿಸಿಕೊಂಡು ಹತ್ತಿದಳು, ಕಿಟಕಿಯ ಪಕ್ಕ ಕೂತು ನನ್ನ ಕಡೆ ನೋಡದೆ ಸೆರಗು ಸರಿಮಾಡಿಕೊಂಡಳು. ಬಸ್ಸು ತಿರುವು ದಾಟಿ ಮರೆಯಾಯಿತು. ಪಕ್ಕದಲ್ಲಿ ದಾವಣಗೆರೆ ಬಸ್ಸಿನ ಕಂಡಕ್ಟರು, ಸೀಟು ಖಾಲಿ ಇವೆ, ಬರ್ರಿ, ಬರ್ರಿ ಎಂದು ಕೂಗುತ್ತಲೇ ಇದ್ದ.