ಇಮಾಮ ಸಾಬರ ಅರ್ಜಿಯ ಏಳು ತಪ್ಪು

ಕೆಂಪು ಶಾಯಿಗೆ ಒಂದು ವಾಸನೆಯಿದೆ. ತುಕ್ಕು ಹಿಡಿದ ತಗಡಿನ ಮೇಲೆ ನೀರು ಬಿದ್ದಂತೆ. ಜೊತೆಗೆ ಸ್ವಲ್ಪ ಸಿಹಿ, ಸ್ವಲ್ಪ ಔಷಧಿ. ಬಾಲ್‌ಪೆನ್ನು ಬಂದ ಮೇಲೆ ಅದು ಯಾರ ಮೂಗಿಗೂ ಬೀಳುವುದಿಲ್ಲ. ಮೊನ್ನೆ ಕಲಬುರಗಿಯ ನೆಹರು ಗಂಜಿನ ಹಿಂದಿನ ಓಣಿಯಲ್ಲಿ ಹಳೆಯ ಕಾಗದದ ಅಂಗಡಿಯ ಮುದುಕ ಧೂಳು ಹಿಡಿದ ಬಾಟಲಿಯೊಂದರ ಬಿರಡೆ ತೆಗೆದಾಗ ಅದೇ ವಾಸನೆ ಬಂತು. ಕಟ್ಟೆಯ ಮೇಲೆ ಕೂತುಬಿಟ್ಟೆ. "ಏನಾಯ್ತ್ರೀ ಅಮ್ಮಾರ, ನೀರ್ ಕೊಡ್ಲೇನು?" ಎಂದ. ನೀರು ಕುಡಿದೆ, ಎದ್ದು ಬಂದೆ. ಅದೇ ಊರಿನ ಬ್ರಹ್ಮಪುರ ಓಣಿಯ ನಮ್ಮ ಮನೆ ಈಗಿಲ್ಲ. ಶಾಬಾದಿ ಕಲ್ಲು ಹಾಸಿದ ಪಡಸಾಲೆ, ಬೇಸಿಗೆಯಲ್ಲಿ ಅದರ ಮೇಲೆ ಬೆನ್ನು ಊರಿದರೆ ಹತ್ತುವ ತಂಪು, ಅಂಗಳದ ಬೇವು, ಒಲೆಯ ಮೇಲೆ ತೊಗರಿಬೇಳೆ ಕುದಿಯುವ ಸದ್ದು, ಯಾವುದೂ ಇಲ್ಲ. ಇಂಥ ಮನೆ ಕಳೆದುಕೊಂಡವರು ನೀವೂ ಇದ್ದೀರಿ. ನೆನೆದಾಗ ನಿಮ್ಮ ಕಣ್ಣುಗಳು ತುಂಬುತ್ತವೆ. ನನ್ನವು ತುಂಬುವುದಿಲ್ಲ. ಆ ಮನೆಯನ್ನು ಕೆಡವಿದ ದಿನ ಎದುರು ನಿಂತು ನೋಡಿದೆ. ಪಡಸಾಲೆಯ ಗೋಡೆ ಉರುಳುವವರೆಗೂ ಅಲ್ಲಿಂದ ಕದಲಲಿಲ್ಲ.

ಅಪ್ಪ ಆ ಪಡಸಾಲೆಯಲ್ಲಿ ಕೂತು ವಕೀಲಿ ಮಾಡುತ್ತಿದ್ದರು. ಆಗಿನ ಹೈದರಾಬಾದ್ ರಾಜ್ಯದಲ್ಲಿ ಕೋರ್ಟು ಕಚೇರಿಗಳೆಲ್ಲ ಉರ್ದುವಿನಲ್ಲಿ ನಡೆಯುತ್ತಿದ್ದವು. ಆ ಕೆಲಸಕ್ಕೆ ಅಪ್ಪನ ಬಳಿ ಮುನ್ಶಿ ಇಮಾಮ ಸಾಬರಿದ್ದರು. ಅವರ ಅಕ್ಷರ ಮುತ್ತು ಪೋಣಿಸಿದ ಹಾಗೆ. ಜಡ್ಜ್ ಸಾಹೇಬರೇ ಓದುವ ಮೊದಲು ಒಂದು ಗಳಿಗೆ ಬರೀ ನೋಡುತ್ತಾರೆಂದು ಜನ ಹೇಳುತ್ತಿದ್ದರು. ಅಪ್ಪನ ಗರ್ವವೇ ಬೇರೆ. ಅವರು ಸೋಲಾಪುರದಲ್ಲಿ ಇಂಗ್ಲಿಷ್ ಕಲಿತವರು. ದಿನಾ ಬೆಳಿಗ್ಗೆ ನನ್ನ ಪಾಟಿಯ ಮೇಲೆ ಐದು ಇಂಗ್ಲಿಷ್ ವಾಕ್ಯ ಬರೆಯುವರು. ಕರ್ತೃವಿಗೆ ಕ್ರಿಯಾಪದ ಎಲ್ಲಿ ಹೊಂದಿಲ್ಲವೋ ಅಲ್ಲಿ ನಾನು ಗೆರೆ ಎಳೆಯಬೇಕು. ಒಬ್ಬನಿದ್ದರೆ ಈಸ್, ಹಲವರಿದ್ದರೆ ಆರ್. 'ದಿ ಬ್ಯಾಗ್ ಆಫ್ ಮ್ಯಾಂಗೋಸ್ ಆರ್ ಹೆವಿ' ಎಂದು ಬರೆದು, "ಭಾರ ಆಗಿದ್ದು ಯಾವ್ದು? ಚೀಲೋ, ಹಣ್ಣೋ?" ಎಂದು ಕೇಳುವರು. ತಪ್ಪಿದರೆ ಬೆರಳ ಗೆಣ್ಣಿಗೆ ರೂಲುಕಟ್ಟಿಗೆ. ಹತ್ತು ವರ್ಷ ತುಂಬುವುದರೊಳಗೆ ನಾನು ತಪ್ಪಿನ ವಾಸನೆ ಹಿಡಿಯುವ ಬೇಟೆನಾಯಿಯಾಗಿದ್ದೆ. ಇಮಾಮ ಸಾಬರು ಡೆಸ್ಕಿನ ಹಿಂದೆ ಕೂತು ನನ್ನ ಪಾಠ ಕದ್ದು ಕೇಳುತ್ತಿದ್ದರು. "ಸರೂ ಬೇಬಿ, ಎಲ್ಲಾ ತಪ್ಪು ನೀವೇ ಹಿಡದ್ರ ಹ್ಯಾಂಗ? ನನಗೂ ಒಂದು ಉಳಸ್ರಿ" ಎನ್ನುವರು. ನಾನು ಉಳಿಸುತ್ತಿರಲಿಲ್ಲ.

ಪೊಲೀಸ್ ಆಕ್ಷನ್‌ಗೆ ಮುಂಚಿನ ಬೇಸಿಗೆಯಲ್ಲಿ ನಾವು ಕಮಲಾಪುರದಲ್ಲಿ, ತೀರಿಹೋದ ಅಜ್ಜನ ಮನೆಯಲ್ಲಿದ್ದೆವು. ಇಮಾಮ ಸಾಬರ ಊರೂ ಅದೇ. ಅವರ ತಮ್ಮ ಚಾಂದ್ ಮಾಸ್ತರರು ಅಜ್ಜನ ಓಣಿಯಲ್ಲೇ ಇದ್ದು ಮಕ್ಕಳಿಗೆ ಉರ್ದು ಕಲಿಸುತ್ತಿದ್ದರು. ಒಂದು ಮಧ್ಯಾಹ್ನ ಈಟಿಯಂಥ ಬರ್ಚಿ ಹಿಡಿದ ರಜಾಕಾರರು, ಹೈದರಾಬಾದ್ ರಾಜ್ಯದ ಪರ ನಿಂತ ದಂಡಿನವರು, ಓಣಿಗೆ ನುಗ್ಗಿದರು. ಓಡಿಹೋಗಲು ದಾರಿಯಿರಲಿಲ್ಲ. ಅಪ್ಪ, ಅವ್ವ, ನಾನು ದನದ ಕೊಟ್ಟಿಗೆಯಲ್ಲಿ ಒಟ್ಟಿದ್ದ ಜೋಳದ ಒಣದಂಟಿನ ಕಣಿಕೆಯ ಹಿಂದೆ ಗೋಡೆಗೆ ಅಂಟಿಕೊಂಡು ನಿಂತೆವು. ಕಣಿಕೆಯ ಪುಡಿ ಮೂಗಿಗೆ ಹೋಗುತ್ತಿತ್ತು. ಸೀನು ಬರದಂತೆ ಅಪ್ಪ ನನ್ನ ಮೂಗು ಬಾಯಿ ಎರಡನ್ನೂ ಒತ್ತಿ ಹಿಡಿದಿದ್ದರು. ತಲೆಬಾಗಿಲಲ್ಲಿ ಚಾಂದ್ ಮಾಸ್ತರರ ದನಿ ಕೇಳಿತು: "ಘರ್ ಮೇ ಕೋಯಿ ನಯ್ಯಂ ಜೀ, ಸಬ್ ಸೋಲಾಪುರ ಕು ಚಲೇಗಯೇ." ಮನೆಯಲ್ಲಿ ಯಾರೂ ಇಲ್ಲ, ಎಲ್ಲ ಸೋಲಾಪುರಕ್ಕೆ ಹೋದರು. ಯಾರೋ ಬೈದರು. ಮಾಸ್ತರರು ನಗುವ ದನಿಯಲ್ಲಿ ಮತ್ತೆ ಅದನ್ನೇ ಹೇಳಿದರು. ಒಬ್ಬ ಒಳಗೆ ಬಂದೇ ಬಂದ. ಕಣಿಕೆಗೆ ಬರ್ಚಿ ಹಾಕಿದ, ಎಳೆದ, ಮತ್ತೆ ಹಾಕಿದ. ಎರಡನೆಯ ಸಲ ಅದರ ತುದಿ ಅವ್ವನ ಸೆರಗಿಗೂ ನನ್ನ ಕಿವಿಗೂ ನಡುವೆ ಗೋಡೆಗೆ ತಾಗಿತು. ಮಣ್ಣು ಉದುರಿತು. "ಖಾಲಿ ಹೈ ಬೋಲಾ ನಾ", ಖಾಲಿ ಅಂದೆನಲ್ಲ, ಎಂದು ಮಾಸ್ತರರು ಅವನನ್ನು ಕರೆದುಕೊಂಡು ಹೋದರು. ಆ ಗುಂಪು ತಿರುಗಿ ಬಾರದಂತೆ ಮಾಸ್ತರರು ಸಂಜೆಯವರೆಗೂ ಹೊಸ್ತಿಲ ಮೇಲೇ ಕೂತಿದ್ದರು. ಈಗಲೂ ಯಾರಾದರೂ ನನ್ನ ಕಿವಿಯ ಹತ್ತಿರ ಕೈ ತಂದರೆ ಬೆಚ್ಚುತ್ತೇನೆ. ಮುಂದೆ ಟೀಚರಾದ ಮೇಲೂ ಮೂವತ್ತೈದು ವರ್ಷ ಕ್ಲಾಸಿನಲ್ಲಿ ಗೋಡೆಗೆ ಬೆನ್ನು ಕೊಟ್ಟು ಪಾಠ ಹೇಳಲಿಲ್ಲ.

ಆಮೇಲೆ ಮಿಲಿಟರಿ ಬಂತು, ಹಳೆಯ ರಾಜ್ಯ ಬಿತ್ತು. ನಾವು ಬ್ರಹ್ಮಪುರಕ್ಕೆ ಮರಳಿದೆವು. ಓಣಿಗಳಲ್ಲಿ ಜೈಕಾರ, ಅಡಗಿದ್ದವರು ಹೊರಗೆ ಬಂದರು, ಹೊರಗಿದ್ದವರು ಅಡಗಿದರು. ಹಿಂದಿನ ದಿನದವರೆಗೂ ಕಚೇರಿಯ ಬಾಗಿಲು ತೆರೆಯುತ್ತಿದ್ದ ಉರ್ದು ಒಂದೇ ವಾರದಲ್ಲಿ ಜನ ಬಾಯಿಗೆ ಕೈ ಅಡ್ಡ ಹಿಡಿದು ಆಡುವ ಮಾತಾಯಿತು. ಮಿಲಿಟರಿ ಸಾಹೇಬನಿಗೆ ಕೊಡುವ ಕಾಗದ ಇಂಗ್ಲಿಷಿನಲ್ಲೇ ಇರಬೇಕಿತ್ತು. ಅಪ್ಪನ ಪಡಸಾಲೆಯಲ್ಲಿ ಹೊಸ ಮುಖಂಡರು ಬಂದು ಚಹಾ ಕುಡಿಯತೊಡಗಿದರು. ಅವರಲ್ಲಿ ಕಮಲಾಪುರದವರೂ ಇದ್ದರು. ಅವರೇ ರಜಾಕಾರರ ಪಟ್ಟಿಯಲ್ಲಿ ಚಾಂದ್ ಮಾಸ್ತರರ ಹೆಸರು ಬರೆಸಿದ್ದು. ವಕೀಲರ ಮನೆಯ ಹೊಸ್ತಿಲಲ್ಲಿ ರಜಾಕಾರರ ಜೊತೆ ನಗುತ್ತ ಮಾತಾಡುತ್ತಿದ್ದುದನ್ನು ಕಣ್ಣಾರೆ ಕಂಡಿದ್ದೇವೆ, ಅವನೂ ಅವರವನೇ ಎಂದರು. ಸುಳ್ಳು ಹೇಳಲಿಲ್ಲ, ಕಂಡದ್ದನ್ನೇ ಹೇಳಿದರು. ಮಿಲಿಟರಿಯವರು ಮಾಸ್ತರರನ್ನು ಹಿಡಿದು ಕಲಬುರಗಿಗೆ ತಂದು ಕೂಡಿಹಾಕಿದರು. ಆ ಹೊಸ್ತಿಲಲ್ಲಿ ಅವರು ಏನು ಮಾಡಿದರೆಂದು ಹೇಳಬಲ್ಲವರು ನಾವು ಮೂವರೇ. ನಮ್ಮಲ್ಲಿ ಸಹಿಗೆ ಬೆಲೆಯಿದ್ದವರು ಅಪ್ಪ ಒಬ್ಬರೇ.

ಇಮಾಮ ಸಾಬರು ಟೊಪ್ಪಿಗೆಯಿಲ್ಲದೆ ಬಂದರು. ಅವರ ತಲೆ ಅಷ್ಟು ಬೋಳಾಗಿದೆಯೆಂದು ನನಗೆ ಗೊತ್ತೇ ಇರಲಿಲ್ಲ. ಒಂದು ಕೈಯಲ್ಲಿ ಕಮಲಾಪುರದ ಕೆಂಬಾಳೆಯ ಚಿಪ್ಪು, ಇನ್ನೊಂದರಲ್ಲಿ ಕಾಗದ. ತಾವೇ ಇಂಗ್ಲಿಷಿನಲ್ಲಿ ಬರೆದ ಅರ್ಜಿ. ಉರ್ದುವಿನಲ್ಲಿ ಮುತ್ತು ಪೋಣಿಸುತ್ತಿದ್ದ ಕೈಯಿಂದ ಕಾಗೆ ಕಾಲಿನಂಥ ಅಕ್ಷರಗಳು. "ಸಾಹೇಬ್ರ, ಕೆಳಗ ನಿಮ್ಮ ಒಂದು ಸಹಿ ಬೇಕ್ರಿ. ಅವ ನಿಮ್ಮನ್ನ ಉಳಸ್ಯಾನ ಅಂತ ಅಷ್ಟೇ ಬರದೀನಿ" ಎಂದರು. ಅಪ್ಪ ಓದಿದರು. ಬಹಳ ಹೊತ್ತು ಓದಿದರು. ಆಮೇಲೆ ನನ್ನನ್ನು ಕರೆದು ಕಾಗದ ಕೈಗಿಟ್ಟು, "ಎಷ್ಟು ತಪ್ಪು ಅದಾವ ನೋಡು" ಎಂದರು. ನಾನು ಪೆನ್ನನ್ನು ಕೆಂಪು ಶಾಯಿಯಲ್ಲಿ ಅದ್ದಿ ಅದ್ದಿ ಗೆರೆ ಎಳೆದೆ. 'ಮೈ ಬ್ರದರ್ ಹ್ಯಾವ್ ನೋ ಗನ್.' 'ಹಿ ಆರ್' ಎನ್ನುವಂಥವು ಇನ್ನೂ ಹಲವು. "ಏಳು!" ಎಂದು ಕೂಗಿದೆ. ಹೌದು, ಕೂಗಿದೆ. ಹೊಗಳಲಿ ಎಂದು ಇಬ್ಬರ ಮುಖವನ್ನೂ ನೋಡಿದೆ. "ಏಳ್ ತಪ್ಪಿನ ಅರ್ಜಿ ಮಿಲಿಟರಿ ಸಾಹೇಬನ ಮುಂದ ಒಯ್ದ್ರ ನಗ್ತಾನ ಮುನ್ಶಿ. ತಿದ್ದಿ ಬರ್ಕೊಂಡ್ ಬಾ" ಎಂದರು ಅಪ್ಪ. ಇಮಾಮ ಸಾಬರು ನನ್ನ ತಲೆ ಸವರಿ, "ಶಾಣ್ಯಾ ಇದ್ದೀರಿ ಬೇಬಿ" ಎಂದು ಹೊರಟರು. ಬಾಳೆಹಣ್ಣು ಅಪ್ಪ ತಿಂದರು.

ನಾಲ್ಕು ದಿನದ ಮೇಲೆ ಮತ್ತೆ ಬಂದರು. ಎರಡು ತಪ್ಪು ಸಿಕ್ಕವು. ಈ ಸಲ ನಾನು ಕೂಗಲಿಲ್ಲ, ಆದರೂ ಗೆರೆ ಎಳೆದೆ. ಅವರು ಹೋದ ಮೇಲೆ ಅವ್ವ ಒಳಗಿನಿಂದಲೇ ಅಂದಳು: "ಮೂರ್ ಮಂದಿ ಜೀವ ಉಳಿಸಿದಾಂವ. ನಿಮಗ ಅವನ ಇಂಗ್ಲಿಷ್ ಬೇಕಾಗ್ಯಾದ." ಅಪ್ಪ ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದ ಮುಖಂಡರ ಕಡೆ ಒಮ್ಮೆ ನೋಡಿ, "ಮೆತ್ತಗ ಮಾತಾಡು" ಎಂದರು. ಆಗ ನನಗೆ ತಿಳಿಯಿತು. ಕಣಿಕೆಯ ಹಿಂದೆ ಹೆದರಿ ನನ್ನ ಬಾಯಿ ಒತ್ತಿದ ಕೈಯೇ ಈಗ ನನ್ನ ಕೈಗೆ ಕೆಂಪು ಶಾಯಿ ಕೊಡುತ್ತಿತ್ತು.

ಮೂರನೆಯ ಸಲ ಇಮಾಮ ಸಾಬರು ಕೂರಲಿಲ್ಲ. "ಮುಂಜಾನೆ ಲಾರಿ ಬರ್ತದಂತ್ರಿ ಸಾಹೇಬ್ರ. ಎಲ್ಲಿಗೆ ಒಯ್ತಾರೋ ಗೊತ್ತಿಲ್ಲ" ಎಂದರು. ಅಪ್ಪ ಅರ್ಜಿಯನ್ನು ನನ್ನ ಕಡೆ ಚಾಚಿದರು. ಓದಿದೆ. ಕೊನೆಯ ಸಾಲಿನಲ್ಲಿ ಒಂದು ಉಳಿದಿತ್ತು: 'ಹಿಸ್ ಚಿಲ್ಡ್ರನ್ ಈಸ್ ಸ್ಮಾಲ್.' ನಾನು ಪೆನ್ನು ಕೆಳಗಿಟ್ಟೆ. "ಒಂದೂ ಇಲ್ಲಪ್ಪಾ" ಎಂದೆ. ಅಪ್ಪ ಕಾಗದ ಇಸಿದುಕೊಂಡು ಸಾಲು ಸಾಲಾಗಿ ಉಗುರು ಎಳೆದರು. ಕೊನೆಯ ಸಾಲಿನ ಮೇಲೆ ಉಗುರು ನಿಂತಿತು. ಅವರಿಗೂ ಕಂಡಿತ್ತು. ನನ್ನನ್ನು ನೋಡಿದರು, ಗುರುತು ಮಾಡಲಿಲ್ಲ. ಅರ್ಜಿಯನ್ನು ಮಡಚಿ ವಾಪಸು ಕೊಟ್ಟರು. "ಅರ್ಜಿ ಚಲೋ ಅದ, ಮುನ್ಶಿ. ಆದ್ರ ನಾ ಏನ್ ಕಂಡೀನಿ? ನಾ ಇದ್ದಿದ್ದು ಕಣಿಕಿ ಹಿಂದ. ಬಾಗಲದಾಗ ಯಾರಿದ್ರು, ನಾ ನೋಡಿಲ್ಲ. ಬರೇ ದನಿ ಕೇಳಿದ್ದು ಸಾಕ್ಷಿ ಆಗಂಗಿಲ್ಲ, ನಿನಗ ಗೊತ್ತದ."

ಇಪ್ಪತ್ತು ವರ್ಷ ಅದೇ ಪಡಸಾಲೆಯಲ್ಲಿ ಸಾಕ್ಷಿಗಳ ಹೇಳಿಕೆ ಬರೆದ ಇಮಾಮ ಸಾಬರು ತಲೆಯಾಡಿಸಿದರು. "ಗೊತ್ತದ್ರಿ" ಎಂದರು. ಆಮೇಲೆ ನನ್ನ ಕಡೆ ಬಗ್ಗಿ, ಮಕ್ಕಳೊಡನೆ ಆಡುವ ದನಿಯಲ್ಲೇ ಕೇಳಿದರು: "ನೀವ್ ಕೇಳೀರಲ್ಲ ಬೇಬಿ? ನನ್ನ ತಮ್ಮನ ದನಿ ಅಲ್ಲೇನು ಅದು?" ಅಪ್ಪ ನನ್ನನ್ನೇ ನೋಡುತ್ತಿದ್ದರು. ನನ್ನ ಬಾಯಿಯ ಮೇಲೆ ಆಗ ಯಾರ ಕೈಯೂ ಇರಲಿಲ್ಲ. ನಾನು ಮಾತಾಡಲಿಲ್ಲ. ಇಮಾಮ ಸಾಬರು ಚಪ್ಪಲಿ ಮೆಟ್ಟಿಕೊಂಡು ಹೋದರು. ನಮ್ಮ ಮನೆಗೆ ಮತ್ತೆ ಬರಲಿಲ್ಲ. ಚಾಂದ್ ಮಾಸ್ತರರು ಯಾರ ಮನೆಗೂ ಬರಲಿಲ್ಲ. ಆ ಲಾರಿ ಎಲ್ಲಿಗೆ ಹೋಯಿತೆಂದು ಹೇಳಿದವರಿಲ್ಲ.

ಹೈದರಾಬಾದಿನಲ್ಲಿ ಬಿ.ಎ. ಮುಗಿಸಿದ ವರ್ಷ, ಅಪ್ಪನಿಗೆ ಹೇಳದೆ ಕಮಲಾಪುರದ ಬಸ್ಸು ಹತ್ತಿದೆ. ಇಮಾಮ ಸಾಬರು ತೀರಿಕೊಂಡಿದ್ದರು. ಚಾಂದ್ ಮಾಸ್ತರರ ಹೆಂಡತಿ ಅಂಗಳದಲ್ಲಿ ಬೇಳೆ ಕೇರುತ್ತಿದ್ದರು. ಯಾರ ಮಗಳೆಂದು ಹೇಳಿದೆ. ಮೊರ ನಿಲ್ಲಲಿಲ್ಲ. "ಈಗ್ಯಾಕ ಬಂದೀರಿ?" ಎಂದು ಕೇಳಿದರು. ಆ ಮಧ್ಯಾಹ್ನ ಹೊಸ್ತಿಲಲ್ಲಿ ಅವರ ಗಂಡ ಆಡಿದ ಮಾತನ್ನು ಹೇಳಿದೆ. ಒಂದಕ್ಷರ ಬಿಡದೆ ಹೇಳಿದೆ. ಅವರು ಮೊರ ಕೆಳಗಿಟ್ಟು ಒಳಗೆ ಕೂಗಿದರು. ಮೂವರು ಮಕ್ಕಳು ಹೊರಗೆ ಬಂದು ಗೋಡೆಯ ಉದ್ದಕ್ಕೂ ನಿಂತರು. "ಮತ್ತೊಮ್ಮೆ ಹೇಳ್ರಿ. ಇವರ ಅಬ್ಬಾ ರಜಾಕಾರ ಅಂತ ಸಾಲ್ಯಾಗ ಅಂತಾರ. ಇವರು ಕೇಳ್ಲಿ" ಎಂದರು. ಮತ್ತೆ ಹೇಳಿದೆ. ಬರ್ಚಿಯನ್ನೂ, ಗೋಡೆಯಿಂದ ಉದುರಿದ ಮಣ್ಣನ್ನೂ, ಸಂಜೆಯವರೆಗೆ ಅವರು ಕಾವಲು ಕೂತದ್ದನ್ನೂ ಹೇಳಿದೆ. ಅಪ್ಪ ಸಹಿ ಹಾಕದ್ದನ್ನೂ, ನಾನು ಬಾಯಿ ಬಿಡದೆ ನಿಂತದ್ದನ್ನೂ ಹೇಳಿದೆ. ಕೊನೆಯವಳು, ಲಾರಿ ಹೋದಾಗ ಇನ್ನೂ ತಾಯಿಯ ಹೊಟ್ಟೆಯಲ್ಲಿದ್ದವಳು, ಹತ್ತಿರ ಬಂದು ನನ್ನ ತುಟಿಗಳನ್ನೇ ನೋಡುತ್ತ ಕೇಳಿದಳು.

"ಅಬ್ಬಾನ ದನಿ ಹ್ಯಾಂಗಿತ್ರಿ, ಅಕ್ಕಾ?"

ಹೇಳಲು ಬಾಯಿ ತೆರೆದೆ. ಮಾಸ್ತರರ ಮಾತುಗಳು ಬಂದವು; ಆದರೆ ಅವು ನನ್ನ ದನಿಯಲ್ಲೇ ಬಂದವು. ಅವಳು ಇನ್ನೂ ಕಾಯುತ್ತ ನಿಂತಿದ್ದಳು.